ಅಳತೆಗೆ ನಿಂತವಳು

ಈ ಶಾಲೆಯನ್ನು ಕಟ್ಟಿದ್ದು ನನ್ನ ಮಗಳ ಅಳತೆಗೆ. ನಲ್ಲಿ ಅವಳ ಗಲ್ಲದ ಎತ್ತರಕ್ಕಿದೆ. ಕೈ ತೊಳೆಯುವ ತೊಟ್ಟಿ ಅವಳ ಮೊಣಕೈಗೆ ಸರಿಯಾಗಿದೆ. ಕಪ್ಪುಹಲಗೆಯ ಮೇಲಂಚು ಅವಳು ಕೈ ಎತ್ತಿದರೆ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೇ ನಿಂತಿದೆ. ಮೆಟ್ಟಿಲು ಅವಳು ಕಾಲೆತ್ತುವಷ್ಟು. ಬಾಗಿಲಿನ ಚಿಲಕ ಅವಳ ಎದೆಯಷ್ಟು. ಬೇಕಾದವರು ಹೋಗಿ ಅಳೆದು ನೋಡಬಹುದು. ಗೋಡೆ ಸುಳ್ಳು ಹೇಳುವುದಿಲ್ಲ. ಹೇಳುವವರು ಗೋಡೆಯ ಒಳಗೆ ಕೂತಿರುತ್ತಾರೆ.

ನಾನು ಗಾರೆ ಕೆಲಸದವಳು. ಕಲಸಿದ ಗಾರೆಯನ್ನು ಬಾಂಡ್ಲಿಗೆ ತುಂಬಿಕೊಂಡು, ತಲೆಯ ಮೇಲೆ ಸಿಂಬೆ ಇಟ್ಟು, ಏಣಿ ಹತ್ತಿ, ಮೇಲೆ ಕೂತ ಮೇಸ್ತ್ರಿಯ ಕೈಗೆ ಮುಟ್ಟಿಸುವುದು ನನ್ನ ಕೆಲಸ. ಇಳಿಯುವುದು, ತುಂಬುವುದು, ಹತ್ತುವುದು. ಸಿಮೆಂಟು ಬೆರಳ ಸಂದಿಯ ಚರ್ಮವನ್ನು ತಿನ್ನುತ್ತದೆ. ಊಟಕ್ಕೆ ಕೂತಾಗ ಅಲ್ಲಿಗೆ ಉಪ್ಪು ಸೋಕಿದರೆ ಜೀವ ಹೋಗಿ ಬರುತ್ತದೆ. ಹೊತ್ತು ಹೊತ್ತು ಕತ್ತು ಹೆಗಲೊಳಗೆ ಇಳಿದುಹೋಗಿದೆ. ಮದುವೆಗೆ ಮುಂಚೆ ನನಗೆ ಉದ್ದನೆಯ ಕತ್ತಿತ್ತು ಅಂದರೆ ನನ್ನ ಗಂಡ ನಗುತ್ತಾನೆ. ಅವನು ನೆಲಕ್ಕೆ ಟೈಲ್ಸ್ ಹಾಕುವವನು. ದಿನವಿಡೀ ಮಂಡಿಯೂರಿ ಕೂತು ಕೂತು, ಎದ್ದು ನಿಂತಾಗಲೂ ಅರ್ಧ ಕೂತವನ ಹಾಗೇ ಕಾಣುತ್ತಾನೆ. ಮಾತು ಕಡಿಮೆ. ಅವನ ಪಾಲಿನದನ್ನೂ ಸೇರಿಸಿ ನಾನೇ ಆಡುತ್ತೇನೆ. ನಮ್ಮ ಜೊತೆ ಅತ್ತೆ ಇದ್ದಾರೆ. ಹರೆಯದಿಂದ ಇಟ್ಟಿಗೆ ಹೊತ್ತ ಹೆಂಗಸು. ಈಗ ಸೊಂಟ ಬಿದ್ದುಹೋಗಿದೆ. ಶೆಡ್ಡಿನ ಬಾಗಿಲಲ್ಲಿ ಕೂತು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತಾರೆ. ಅದಕ್ಕೆ ಸೊಂಟ ಬೇಕಾಗಿಲ್ಲವಲ್ಲ.

ಶೆಡ್ಡು ಅಂದರೆ ತಗಡಿನದು, ಕಟ್ಟಡದ ಹಿಂಬದಿಗೆ. ಕಟ್ಟಡ ಎದ್ದಿತು ಅಂದರೆ ಶೆಡ್ಡು ಬಿದ್ದಿತು ಅಂತ ಲೆಕ್ಕ. ಆಮೇಲೆ ಇನ್ನೊಂದು ಕಡೆ ಕಟ್ಟಡ, ಅದರ ಹಿಂದೆ ಇನ್ನೊಂದು ಶೆಡ್ಡು. ನನ್ನ ಮಗಳು ಹುಟ್ಟಿದ್ದು ನಾವೊಂದು ಆಸ್ಪತ್ರೆ ಕಟ್ಟುವಾಗ. ಆಸ್ಪತ್ರೆಯಲ್ಲಿ ಅಂದುಕೊಳ್ಳಬೇಡಿ, ಅದರ ಹಿಂದಿನ ಶೆಡ್ಡಿನಲ್ಲಿ. ನಡೆಯಲು ಕಲಿತದ್ದು ಬ್ಯಾಂಕು ಕಟ್ಟುವಾಗ. ಮಾತು ಕಲಿತದ್ದು ಮದುವೆ ಮಂಟಪ ಕಟ್ಟುವಾಗ. ಅದಕ್ಕೋ ಏನೋ, ಅವಳ ಗಂಟಲಿಗೆ ಮೈಕು ಬೇಡ. ಶಾಲೆಯ ಮುಖವನ್ನು ಮಾತ್ರ ನೋಡಿರಲಿಲ್ಲ. ಹೀಗಾಗಿ, ನಾವು ಈ ಸಲ ಕಟ್ಟುವುದು ಶಾಲೆ ಅಂತ ಗೊತ್ತಾದಾಗ ಅವಳು ಮರಳಿನ ಗುಡ್ಡೆಯ ಮೇಲಿಂದ ಕೆಳಕ್ಕೆ ಉರುಳಿ ಉರುಳಿ ನಕ್ಕಳು.

ಮೊದಲು ನಲ್ಲಿಗಳನ್ನು ಹಾಕಿದ್ದು ದೊಡ್ಡವರ ಎದೆ ಮಟ್ಟಕ್ಕೆ. ಎಲ್ಲ ಕಡೆ ಹಾಗೇ ಹಾಕುತ್ತೇವೆ, ಇಲ್ಲೂ ಹಾಕಿದೆವು. ಒಂದು ದಿನ ದೊಡ್ಡ ಮೇಡಂ ಬಂದರು. ಈ ಶಾಲೆಯ ಮುಖ್ಯಸ್ಥೆ ಅವರು. ನಲ್ಲಿಯ ಸಾಲು ನೋಡಿದ್ದೇ ತಡ, ಇಂಜಿನಿಯರ್ ಮೇಲೆ ಹರಿಹಾಯ್ದರು.

"ಇದೇನ್ ಸ್ವಾಮಿ, ಒಂಟೆಗಳಿಗೆ ಶಾಲೆ ಕಟ್ತಿದೀರಾ? ನಮ್ಮದು ಮಕ್ಕಳ ಸ್ನೇಹಿ ಶಾಲೆ. ಮಗು ನೀರು ಕುಡಿಯೋಕೆ ಏಣಿ ಹಾಕ್ಬೇಕಾ? ಬೋರ್ಡ್ ನೋಡಿ ಎಲ್ಲಿದೆ! ಕಿಟಕಿ ನೋಡಿ! ಮಗು ಒಳಗೆ ಬಂದ್ರೆ ಜೈಲಿಗೆ ಬಂದ ಹಾಗಾಗ್ಬಾರ್ದು. ಮನೆಗೆ ಬಂದ ಹಾಗಾಗ್ಬೇಕು."

ಮಾತು ಚೆನ್ನಾಗಿತ್ತು. ನಾವೆಲ್ಲ ಬಾಂಡ್ಲಿ ಇಳಿಸಿ ಕೇಳಿದೆವು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾರೆ ಆ ಹೆಂಗಸು. ನನಗೂ ಹಿಡಿಸಿತು, ಸುಳ್ಳೇಕೆ ಹೇಳಲಿ.

ಇಂಜಿನಿಯರ್ ಇನ್ನೂ ಮದುವೆಯಾಗದ ಹುಡುಗ. ಮನೆಯಲ್ಲಿ ಮಕ್ಕಳಿಲ್ಲ. ಮಗು ಎಷ್ಟು ಎತ್ತರ ಇರುತ್ತದೆ ಅಂತ ಗಾಳಿಯಲ್ಲಿ ಕೈ ಹಿಡಿದು ತೋರಿಸಿದ. ಮೇಸ್ತ್ರಿ ಇನ್ನೊಂದು ಎತ್ತರ ತೋರಿಸಿದ. ಒಬ್ಬನದು ಕೂಸು, ಇನ್ನೊಬ್ಬನದು ಮೀಸೆ ಬಂದ ಹುಡುಗ. ಇಬ್ಬರೂ ಜಗಳವಾಡುತ್ತಿದ್ದಾಗ ಇಂಜಿನಿಯರ್ ಕಣ್ಣು ಮರಳಿನ ಗುಡ್ಡೆಯ ಮೇಲೆ ಬಿತ್ತು. ಅಲ್ಲಿ ನನ್ನ ಮಗಳು ಹರಿದ ಸಿಮೆಂಟು ಚೀಲವನ್ನು ಹೊದ್ದು ರಾಣಿಯ ಹಾಗೆ ಕೂತಿದ್ದಳು.

"ಏ ಪುಟ್ಟಿ, ಬಾ ಇಲ್ಲಿ. ಗೋಡೆಗೆ ಬೆನ್ನು ಕೊಟ್ಟು ನಿಂತ್ಕೋ."

ನಿಂತಳು. ಅವನು ಸೀಮೆಸುಣ್ಣದಲ್ಲಿ ಗಲ್ಲಕ್ಕೊಂದು ಗೆರೆ ಎಳೆದ, ಮೊಣಕೈಗೊಂದು, ಎದೆಗೊಂದು. ಕೈ ಎತ್ತಲು ಹೇಳಿ ಬೆರಳ ತುದಿಗೊಂದು. "ನೀರು ಕುಡಿಯೋ ಹಾಗೆ ಬಗ್ಗು," ಅಂದ. ಬಗ್ಗಿದಳು. "ಮೆಟ್ಟಿಲು ಹತ್ತೋ ಹಾಗೆ ಕಾಲೆತ್ತು." ಎತ್ತಿದಳು. ಅಂದಿನಿಂದ ಅವಳ ಹೆಸರೇ ಅಳತೆಗೋಲು ಅಂತಾಯಿತು. ನಲ್ಲಿಯವನು ಬಂದರೆ "ಅಳತೆಗೋಲು ಎಲ್ಲಿ?" ಬಡಗಿ ಬೆಂಚು ಮಾಡಲು ಬಂದರೆ "ಅಳತೆಗೋಲನ್ನ ಕರೀರಿ, ಕೂರಿಸಿ ನೋಡ್ಬೇಕು." ಅವಳ ಜಂಬ ನೋಡಬೇಕಿತ್ತು. ಊಟ ಮಾಡುವಾಗ ಕರೆದರೆ, "ಗೋಡೆಗೆ ಸ್ವಲ್ಪ ಕಾಯೋಕೆ ಹೇಳಿ, ತುತ್ತು ಬಾಯಲ್ಲಿದೆ," ಅನ್ನುತ್ತಿದ್ದಳು. ಇಂಜಿನಿಯರ್ ಕಾಯುತ್ತಿದ್ದ. ನನಗೆ ಒಂದು ಗುಟುಕು ನೀರು ಕುಡಿಯಲೂ ಬಿಡದ ಮನುಷ್ಯ, ಅವಳ ತುತ್ತಿಗೆ ಕಾಯುತ್ತಿದ್ದ.

ಒಂದು ಎಡವಟ್ಟೂ ಆಯಿತು. ಇನ್ನೂ ಗೋಡೆ ಏಳದ ಕೊನೆಯ ಕೋಣೆಯಲ್ಲಿ, ಕಿಟಕಿಗೆಂದು ಕಂಬದ ಮೇಲೆ ಕಣ್ಣಿನ ಮಟ್ಟ ಗುರುತು ಹಾಕುವಾಗ, ಹೊರಗೆ ತಂತಿಯ ಮೇಲೆ ಯಾರದೋ ಗಾಳಿಪಟ ಸಿಕ್ಕಿಕೊಂಡಿತ್ತು. ಅದನ್ನು ನೋಡಲು ಇವಳು ತುದಿಗಾಲಲ್ಲಿ ನಿಂತಳು. ಇಂಜಿನಿಯರ್ ಕಾಲು ನೋಡಲಿಲ್ಲ, ಗೆರೆ ಎಳೆದೇಬಿಟ್ಟ. ಮೇಸ್ತ್ರಿ ಗೋಡೆ ಎಬ್ಬಿಸಿದ. ಆ ಕೋಣೆಯಲ್ಲಿ ಓದುವ ಮಕ್ಕಳು ಹೊರಗೆ ನೋಡಬೇಕಾದರೆ ಈಗಲೂ ತುದಿಗಾಲಲ್ಲೇ ನಿಲ್ಲಬೇಕು. ನನಗೆ ಗೊತ್ತಿತ್ತು. ಬಾಂಡ್ಲಿ ಹೊತ್ತು ಪಕ್ಕದಲ್ಲೇ ನಿಂತಿದ್ದೆ. ತುಟಿ ಪಿಟಕ್ಕೆನ್ನಲಿಲ್ಲ. ಒಂದು ಕಿಟಕಿಯಾದರೂ ಅವಳಿಗೆ ಬೇಕಾದ ಹಾಗೆ ಇರಲಿ ಅನ್ನಿಸಿತು.

ಗೆರೆ ಎಳೆದಾಗಲೆಲ್ಲ ಇಂಜಿನಿಯರ್ ಅವಳ ಕೆನ್ನೆ ಚಿವುಟಿ ಹೇಳುತ್ತಿದ್ದ, "ನಿನಗೇ ಅಂತಾನೇ ಕಟ್ತಿರೋದು ಕಣಮ್ಮ ಇದನ್ನ." ಅವಳು ನಂಬಿದಳು. ಅವಳು ಮಗು, ನಂಬುತ್ತಾಳೆ. ಕತ್ತೆ ವಯಸ್ಸಾದ ನಾನೂ ನಂಬಿದೆ. ಸವಿ ಮಾತನ್ನು ಕರಾರು ಅಂದುಕೊಂಡೆವು. ನನ್ನ ಗಂಡ ಮೊದಲನೇ ಕ್ಲಾಸಿನ ನೆಲಕ್ಕೆ ಟೈಲ್ಸ್ ಹಾಕುವಾಗ, ಎರಡನೇ ಸಾಲಿನ ಕಿಟಕಿ ಪಕ್ಕದ ಜಾಗದಲ್ಲಿ ಎಲ್ಲಕ್ಕಿಂತ ಚೆಂದದ ಟೈಲ್ಸ್ ಆರಿಸಿ ಹಾಕಿದ.

ಮಳೆಗಾಲ ಹೋಯಿತು, ಚಳಿ ಹೋಯಿತು, ಬಿಸಿಲು ಬಂತು. ಗೋಡೆಗೆ ಹಳದಿ ಬಣ್ಣ ಬಂತು. ಅದರ ಮೇಲೆ ಆನೆ, ಮೊಲ, ಮೀನು ಬಂದವು. ಗೇಟಿನ ಮೇಲೆ "ಎಲ್ಲ ಮಕ್ಕಳಿಗೂ ಸ್ವಾಗತ" ಅಂತ ಬಂತು. ಅದನ್ನು ಓದಿ ಹೇಳಿದ್ದು ಬಣ್ಣದವನು. ಮಕ್ಕಳನ್ನು ಸೇರಿಸಿಕೊಳ್ಳುವ ದಿನವೂ ಬಂತು.

ಅವತ್ತು ನಾನು ಕೆಲಸಕ್ಕೆ ರಜೆ ಹಾಕಿದೆ. ಮಗಳಿಗೆ ತಲೆ ಸ್ನಾನ ಮಾಡಿಸಿ, ಎರಡು ಜಡೆ ಹಾಕಿ, ಇದ್ದುದರಲ್ಲಿ ಚೆನ್ನಾಗಿರುವ ಫ್ರಾಕು ತೊಡಿಸಿದೆ. ಇಬ್ಬರೂ ಮುಂದಿನ ಗೇಟಿಗೆ ಹೋದೆವು. ಅಲ್ಲಿ ಹೊಸ ಕಾವಲುಗಾರ. ಮೈಮೇಲೆ ಯೂನಿಫಾರ್ಮಿನ ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ.

"ಕೆಲಸದೋರು ಹಿಂದಿನ ಗೇಟಲ್ಲಿ ಬರ್ಬೇಕು," ಅಂದ.

"ಕೆಲಸಕ್ಕಲ್ಲಪ್ಪಾ ಬಂದಿದ್ದು, ಸೇರ್ಸೋಕೆ ಬಂದಿದೀನಿ."

"ಏನ್ ಸೇರ್ಸೋಕೆ?"

"ಜಲ್ಲಿ ಸಿಮೆಂಟು! ಕಣ್ ಕಾಣಲ್ವಾ? ಮಗೂನ ಸೇರ್ಸೋಕೆ. ನೀನು ಒರಗಿ ನಿಂತಿದೀಯಲ್ಲ, ಆ ಕಂಬಕ್ಕೆ ಗಾರೆ ಹೊತ್ತೋಳು ನಾನು. ಸರಿ ಆ ಕಡೆ."

ಸರಿದ. ಒಳಗೆ ಸಾಲು. ಸಾಲಿನಲ್ಲಿ ಒಳ್ಳೆಯ ಚಪ್ಪಲಿ, ಒಳ್ಳೆಯ ವಾಸನೆ. ನಾವು ನಿಂತ ಕೂಡಲೇ ಮುಂದಿನವರು ಒಂದು ಹೆಜ್ಜೆ ಮುಂದಕ್ಕೆ, ಹಿಂದಿನವರು ಒಂದು ಹೆಜ್ಜೆ ಹಿಂದಕ್ಕೆ. ನಮ್ಮ ಸುತ್ತ ಜಾಗವೋ ಜಾಗ. ಮಗಳಿಗೆ ಖುಷಿ. ಅಷ್ಟು ಜಾಗ ಸಿಕ್ಕಿದ್ದೇ ತಡ ಗಿರಗಿರನೆ ಸುತ್ತಿದಳು. ಆಮೇಲೆ ನಲ್ಲಿಯ ಹತ್ತಿರ ಓಡಿದಳು. ಗಲ್ಲದ ಮಟ್ಟಕ್ಕೆ ಇದ್ದ ನಲ್ಲಿಗೆ ಈಗ ಅವಳು ಕತ್ತು ಬಗ್ಗಿಸಬೇಕಾಯಿತು. ಒಂದು ವರ್ಷ ಅಂದರೆ ಮಕ್ಕಳಿಗೆ ಬಹಳ ಅಲ್ಲವೇ, ಬೆಳೆದಿದ್ದಳು. ಅಲ್ಲಿಂದ ಕ್ಲಾಸಿಗೆ ನುಗ್ಗಿ ಎರಡನೇ ಸಾಲಿನ ಬೆಂಚಿನಲ್ಲಿ ಕೂತಳು. ಮಂಡಿ ಡೆಸ್ಕಿನ ಅಡಿಗೆ ತಾಗಿ ಟಕ್ಕೆಂದಿತು.

ಅದೇ ಹೊತ್ತಿಗೆ ದೊಡ್ಡ ಮೇಡಂ ಬಾಗಿಲಲ್ಲಿ ಕಂಡರು. ಬೆಂಚನ್ನು ನೋಡಿದರು, ಅವಳನ್ನು ನೋಡಿದರು. "ಬೇಡ ಪುಟ್ಟಾ, ಅದ್ರಲ್ಲಿ ಕೂರ್ಬೇಡ. ಏಳು, ಏಳು," ಅಂದರು. ಮಗಳು ಎದ್ದಳು.

ನನ್ನನ್ನು ತಮ್ಮ ಕೋಣೆಗೆ ಕರೆದರು. ಕುರ್ಚಿ ಖಾಲಿ ಇತ್ತು. ಕೂರು ಅನ್ನಲಿಲ್ಲ. ನಾನೂ ಕೂರಲಿಲ್ಲ.

"ವಿಳಾಸ?"

"ನಿಮ್ಮ ಕಾಂಪೌಂಡಿನ ಒಳಗೇ ಮೇಡಂ. ಹಿಂದ್ಗಡೆ."

"ಅದು ಶೆಡ್ ಅಲ್ವೇನಮ್ಮ. ಪ್ರಾರಂಭೋತ್ಸವ ಆದ ತಕ್ಷಣ ತೆಗೀತಾರೆ. ಆಮೇಲೆ ಎಲ್ಲಿರ್ತೀರಿ?"

"ಕೆಲಸ ಎಲ್ಲಿರುತ್ತೋ ಅಲ್ಲಿ."

"ನೋಡಿದ್ರಾ? ವರ್ಷದ ಮಧ್ಯ ಬಿಟ್ಟು ಹೋಗ್ತೀರಿ. ಸೀಟು ವೇಸ್ಟ್ ಆಗುತ್ತೆ. ಮಗೂಗೂ ಹಿಂಸೆ. ಮತ್ತೆ..." ದನಿ ಇಳಿಸಿದರು. "ಬೇರೆ ಪೋಷಕರೂ ಇದಾರೆ. ಧೂಳು, ತುರಿಕೆ, ಹೇನು ಅಂತಾರೆ. ನನಗೇನಿಲ್ಲಪ್ಪ, ನಾನು ಅವನ್ನೆಲ್ಲ ನಂಬಲ್ಲ. ಆದ್ರೆ ಮಕ್ಕಳ ಸ್ನೇಹಿ ಅಂದ್ರೆ ಸ್ವಚ್ಛತೆಯೂ ಮುಖ್ಯ ಅಲ್ವಾ? ನೀವು ಅರ್ಥ ಮಾಡ್ಕೋತೀರಿ."

ಅರ್ಥ ಮಾಡಿಕೊಂಡೆ. ಅರ್ಥ ಮಾಡಿಕೊಳ್ಳುವ ಕೆಲಸ ಯಾವಾಗಲೂ ನಮ್ಮದೇ. ನನ್ನ ಮಗಳ ಗಲ್ಲ ಬೇಕು, ಮೊಣಕೈ ಬೇಕು, ಬೆರಳ ತುದಿ ಬೇಕು. ತಲೆ ಬೇಡ, ಅದರಲ್ಲಿ ಹೇನಿದೆ. ಹೊರಗೆ ಇಂಜಿನಿಯರ್ ಸಿಕ್ಕಿದ. "ಏನ್ ಸಾರ್, ಅವಳಿಗೇ ಅಂತ ಕಟ್ಟಿದ್ರಲ್ಲಾ?" ಅಂದೆ. ಅವನು ಮೊಬೈಲು ನೋಡುತ್ತಾ, "ಮಾತಾಡೋಣಮ್ಮ, ಸಮಯ ಬರ್ಲಿ," ಅಂದ. ಗೋಡೆ ಕಟ್ಟಿಸುವವರಿಗೆ ಅಡ್ಡಗೋಡೆ ಮೇಲೆ ದೀಪ ಇಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮಗಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಸುಮ್ಮನಾಗುತ್ತಿದ್ದೆನೋ ಏನೋ. ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಮಂಡಿ ಮಡಚಿಕೊಂಡು ಕುಕ್ಕರಗಾಲಲ್ಲಿ ನಡೆಯುತ್ತಿದ್ದಾಳೆ.

"ಕಾಲಿಗೇನಾಯ್ತೇ?"

"ಏನಿಲ್ಲಮ್ಮ."

ಅಪ್ಪನ ಹಾಗೆ ನಡೆದು ಅಣಕಿಸುತ್ತಿದ್ದಾಳೆ ಅಂದುಕೊಂಡು ನಾನು ನಕ್ಕೆ. ಊಟಕ್ಕೆ ಕರೆದರೆ, ಎರಡು ತುತ್ತಿಗೆ ತಟ್ಟೆ ತಳ್ಳಿದಳು. ಹೊಟ್ಟೆ ತುಂಬಿತು ಅಂದಳು. ಸಂಜೆಯೂ ಅದೇ. ಮರುದಿನವೂ ಅದೇ. ಕಲ್ಲು ತಿಂದು ಕರಗಿಸುವ ಹುಡುಗಿ, ಅವಳ ತಟ್ಟೆಯಲ್ಲಿ ಊಟ ಉಳಿಯುವುದೆಂದರೇನು? ಬೈದೆ, ಮುದ್ದು ಮಾಡಿದೆ, ಎರಡಕ್ಕೂ ಜಗ್ಗಲಿಲ್ಲ. ಕೊನೆಗೆ ಅತ್ತೆ ಅವಳನ್ನು ಮಡಿಲಿಗೆ ಎಳೆದುಕೊಂಡು, "ಅಜ್ಜಿ ಕಿವೀಲಿ ಮಾತ್ರ ಹೇಳು," ಅಂದರು. ಅವಳ ಗುಟ್ಟು ಇಡೀ ಶೆಡ್ಡಿಗೆ ಕೇಳಿಸಿತು.

"ನಾನು ಉದ್ದ ಆಗ್ಬಿಟ್ಟೆ ಅಜ್ಜಿ. ನಲ್ಲಿಗೆ ಸರಿ ಹೋಗ್ತಿಲ್ಲ. ಬೆಂಚಿಗೆ ಮಂಡಿ ತಾಗುತ್ತೆ. ಅದಕ್ಕೇ ಮೇಡಂ ಬೇಡ, ಏಳು ಅಂದ್ರು. ಉಂಡ್ರೆ ಇನ್ನೂ ಉದ್ದ ಆಗ್ತೀನಿ. ಸ್ವಲ್ಪ ದಿನ ಉಣ್ಣದೆ ಇದ್ರೆ ಮೊದಲಿನ ಥರ ಆಗ್ತೀನಿ. ಆಗ ಸೇರಿಸ್ಕೋತಾರೆ."

ಗಂಡ ತಟ್ಟೆಯಲ್ಲಿ ಕೈ ಇಟ್ಟುಕೊಂಡು ಹಾಗೇ ಕೂತ. ನನಗೆ ಬಂದ ಸಿಟ್ಟಿಗೆ ಮೈಯೆಲ್ಲಾ ಉರಿದುಹೋಯಿತು. ನನ್ನ ಕತ್ತು ಕುಗ್ಗಿದೆ. ಗಂಡನ ಮಂಡಿ ಕುಗ್ಗಿದೆ. ಅತ್ತೆಯ ಸೊಂಟ ಕುಗ್ಗಿದೆ. ಹೊಟ್ಟೆಪಾಡಿಗೆ ಕುಗ್ಗಿದೆವು, ಆಗಿದ್ದಾಯಿತು. ನನ್ನ ಮಗಳು ಹಾಲುಹಲ್ಲು ಬೀಳುವ ಮುಂಚೆಯೇ ತಾನಾಗಿ ಕುಗ್ಗುತ್ತಿದ್ದಾಳೆ. ಅದೂ ನಗುನಗುತ್ತಾ, ತಪ್ಪು ತನ್ನದೇ ಅಂದುಕೊಂಡು.

"ನಾ ಕಟ್ಟಿದ ಒಂದು ಮನೇಲೂ ನಾ ಕೂತಿಲ್ಲ," ಅಂದರು ಅತ್ತೆ. "ನೀ ಕಟ್ಟಿದ್ರಲ್ಲಿ ನೀನೂ ಕೂತಿಲ್ಲ. ಇವಳು ಕೂರ್ಬೇಕು. ಏನ್ ಮಾಡ್ತೀಯೋ ಮಾಡು. ನಿನ್ನ ಬಾಯಿ ಸುಮ್ನೆ ನಮ್ಮ ಮೇಲೇ ಖರ್ಚಾಗ್ತಿದೆ, ಒಂದ್ಸಲ ಹೊರಗೂ ಬಿಡು."

ಪ್ರಾರಂಭೋತ್ಸವಕ್ಕೆ ಹೆಚ್ಚು ದಿನ ಇರಲಿಲ್ಲ. ಉಳಿದ ಕೆಲಸ ಒಂದೇ. ಆಟದ ಅಂಗಳಕ್ಕೆಂದು ಲಾರಿಯವನು ಗೇಟಿನ ಮುಂದೆ ಸುರಿದು ಹೋದ ಮರಳಿನ ಗುಡ್ಡೆ. ಹಿಂದೆ ಶೆಡ್ಡುಗಳಿದ್ದವಲ್ಲ, ಲಾರಿ ಹೋಗಲು ದಾರಿಯಿಲ್ಲದೆ ಮುಂದೆಯೇ ಸುರಿದಿದ್ದ. ಪ್ರಾರಂಭೋತ್ಸವದ ದಿನ ಬೆಳಿಗ್ಗೆ, ಅತಿಥಿಯ ಕಾರು ಬರುವ ಮುಂಚೆ ಅದನ್ನು ನಾವು ಹೊತ್ತು ಹಾಕಬೇಕು. ಹೊತ್ತು ಹಾಕಿ ಶೆಡ್ಡು ಸೇರಿ ಬಾಗಿಲು ಹಾಕಿಕೊಳ್ಳಬೇಕು. ಮಕ್ಕಳನ್ನು ಹೊರಗೆ ಬಿಡಬಾರದು, ಫೋಟೋದಲ್ಲಿ ಬರಬಾರದು. ಹೀಗಂತ ಮೇಸ್ತ್ರಿಯ ಮೂಲಕ ಮೇಡಂ ಅಪ್ಪಣೆ ಕಳಿಸಿದ್ದರು.

ನಮ್ಮಲ್ಲಿ ಒಂದು ರೂಢಿ ಇದೆ. ಕಟ್ಟಡ ಮುಗಿದ ದಿನ ಬಾಂಡ್ಲಿ ತೊಳೆದು ಬೋರಲು ಹಾಕುತ್ತೇವೆ. ಬೋರಲು ಬಿದ್ದ ಬಾಂಡ್ಲಿಯನ್ನು ಮೇಸ್ತ್ರಿಯೂ ಮುಟ್ಟುವುದಿಲ್ಲ. ಕೆಲಸ ಮುಗಿದು ಬೋರಲು ಹಾಕಿದರೆ ಹೊರಟೆವು ಅಂತ ಅರ್ಥ. ಕೆಲಸ ಮುಗಿಯದೆ ಬೋರಲು ಹಾಕಿದರೆ ಜಗಳ ಶುರುವಾಯಿತು ಅಂತ ಅರ್ಥ. ಆ ಬೆಳಿಗ್ಗೆ ನಾನು ಗುಡ್ಡೆಯ ಬುಡಕ್ಕೆ ಹೋಗಿ ಬಾಂಡ್ಲಿಯನ್ನು ಢಣಾರ್ ಅಂತ ಬೋರಲು ಹಾಕಿ ಅದರ ಮೇಲೆ ಕೂತೆ. ಜಲ್ಲಿ ಹೊರುವ ಅಕ್ಕ ಬಂದು ನನ್ನನ್ನು ನೋಡಿದಳು. ಅವಳಿಗೂ ಶೆಡ್ಡಿನಲ್ಲಿ ಇಬ್ಬರು ಮಕ್ಕಳು. ಢಣಾರ್. ಆಮೇಲೆ ಒಬ್ಬೊಬ್ಬರೇ ಬಂದರು. ಢಣಾರ್, ಢಣಾರ್. ಅತ್ತೆ ಗೋಡೆ ಹಿಡಿದುಕೊಂಡು ಬಂದು ತಮ್ಮ ಹಳೆಯ ತೂತು ಬಾಂಡ್ಲಿಯನ್ನೂ ಹಾಕಿ ಕೂತರು. "ಕೂರೋಕೆ ತೂತೇನೂ ಅಡ್ಡ ಬರಲ್ಲ," ಅಂದರು.

ಮೇಸ್ತ್ರಿ ಓಡಿ ಬಂದ. ಅವನು ಕೆಟ್ಟವನಲ್ಲ. ಆದರೆ ಮುಂದಿನ ಕಟ್ಟಡದ ಕನಸು ಕಾಣುವವನು.

"ಏಳ್ರಮ್ಮ! ತಂಗೀ, ನಿನ್ ಕಾಲಿಗ್ ಬೀಳ್ತೀನಿ, ಏಳು. ಅತಿಥಿ ಬರೋ ಹೊತ್ತಾಯ್ತು. ಮುಂದಿನ ಕೆಲಸ ಕೈ ತಪ್ಪಿ ಹೋಗುತ್ತೆ. ನಾವು ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕಲ್ವಾ?"

"ಹಾಸಿಗೆ ಹೊಲಿದೋರು ನಾವು, ಕಾಲು ಮಡಚ್ಕೊಂಡು ಮಲಗೋರೂ ನಾವೇನಾ?" ಅಂದರು ಅತ್ತೆ. "ಹೋಗೋ, ನಿನ್ನ ಗಾದೇನ ನಿನ್ನ ಹೆಂಡ್ತಿಗ್ ಹೇಳು."

ಮೇಸ್ತ್ರಿ ನನ್ನ ಗಂಡನ ಕಡೆ ತಿರುಗಿದ. "ನೀನಾದ್ರೂ ಹೇಳಯ್ಯಾ ನಿನ್ನ ಹೆಂಡ್ತಿಗೆ."

ಗಂಡ ಕರಣೆಯನ್ನು ಕೆಳಗಿಟ್ಟ. ನಿಧಾನವಾಗಿ, ಒಂದೊಂದೇ ಕೀಲು ಬಿಡಿಸಿಕೊಳ್ಳುತ್ತಾ ನೆಟ್ಟಗೆ ನಿಂತ. ಅವನು ಅಷ್ಟು ಎತ್ತರ ಅಂತ ನನಗೂ ಮರೆತುಹೋಗಿತ್ತು. "ಅವಳು ಮಾಡ್ತಿರೋದು ಸರಿಯಾಗೇ ಇದೆ," ಅಂದ. ಮದುವೆಯಾದ ಮೇಲೆ ನಾಲ್ಕು ಜನರ ಎದುರು ಅವನು ಆಡಿದ ಅತಿ ಉದ್ದದ ಮಾತು ಅದು. ಹೇಳಿ ತಾನೂ ಬಕೆಟ್ಟು ಬೋರಲು ಹಾಕಿ ಕೂತ.

ಅಷ್ಟರಲ್ಲಿ ಪೋಷಕರು ಬರತೊಡಗಿದರು. ಇಸ್ತ್ರಿ ಮಾಡಿದ ಯೂನಿಫಾರ್ಮು, ಬಿಳಿ ಸಾಕ್ಸು, ಹೊಳೆಯುವ ಬೂಟು ತೊಟ್ಟ ಮಕ್ಕಳು. ಗೇಟಿನ ಮುಂದೆ ಗುಡ್ಡೆ, ಗುಡ್ಡೆಯ ಬುಡದಲ್ಲಿ ನಾವು. ದೊಡ್ಡ ಮೇಡಂ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಓಡಿ ಬಂದರು. ಹಿಂದೆ ಇಂಜಿನಿಯರ್.

"ಏನಮ್ಮ ಇದು? ಏನ್ ಬೇಕು ನಿಮಗೆ?"

"ನಮ್ಮ ಅಳತೆ ವಾಪಸ್ ಬೇಕು," ಅಂದೆ.

"ಏನು?"

"ಅಳತೆ ಮೇಡಂ. ನಲ್ಲಿಯಿಂದ ನನ್ನ ಮಗಳ ಗಲ್ಲ ತೆಗೀರಿ. ತೊಟ್ಟಿಯಿಂದ ಮೊಣಕೈ ತೆಗೀರಿ. ಬೋರ್ಡಿಂದ ಅವಳ ಬೆರಳು ತೆಗೀರಿ, ಕಿಟಕಿಯಿಂದ ಕಣ್ಣು ತೆಗೀರಿ. ಎಲ್ಲಾ ಕಿತ್ತು ಕೊಡಿ, ತಗೊಂಡು ಹೋಗ್ತೀವಿ. ಆಮೇಲೆ ನಿಮ್ಮ ಮರಳು ಎತ್ತುತ್ತೀವಿ."

ಮೇಡಂ ಇಂಜಿನಿಯರನ್ನು ನೋಡಿದರು. ಅವನು ತನ್ನ ಬೂಟು ನೋಡಿಕೊಂಡ.

"ಹೇಳಿ ಸಾರ್," ಅಂದೆ. "ಯಾರನ್ನ ನಿಲ್ಲಿಸಿ ಗೆರೆ ಎಳೆದ್ರಿ ಅಂತ ಹೇಳಿ. ಆಗ ಅವಳಿಗೆ ಹೇನಿರ್ಲಿಲ್ವಾ? ಆಗ ಅವಳ ವಿಳಾಸ ಯಾಕೆ ಕೇಳ್ಲಿಲ್ಲ? ಕೆನ್ನೆ ಚಿವುಟೋವಾಗ ಕೈಗೆ ಧೂಳು ಹತ್ತಲಿಲ್ವಾ?"

"ಅವಳನ್ನೇ ನಿಲ್ಲಿಸಿದ್ದು ಮೇಡಂ," ಅಂದ, ಕೆಂಪಗಾಗಿ. "ಇಡೀ ಶಾಲೆ ಅವಳ ಅಳತೇನೇ."

ಪೋಷಕರಲ್ಲಿ ಒಬ್ಬರು "ಹೌದಾ?" ಅಂದರು. ಇನ್ನೊಬ್ಬರು "ಇವರನ್ನ ಮೊದಲು ಎಬ್ಬಿಸ್ರೀ," ಅಂದರು. ಯಾರು ಎಬ್ಬಿಸಬೇಕು? ಎಬ್ಬಿಸುವವರು ನಾವೇ, ಹೊರುವವರೂ ನಾವೇ. ರೇಷ್ಮೆ ಸೀರೆಯಲ್ಲಿ ಮರಳು ಹೊರಲು ಯಾರೂ ಮುಂದೆ ಬರಲಿಲ್ಲ. ಕಾವಲುಗಾರ ಒಂದು ಬಾಂಡ್ಲಿಗೆ ಕೈ ಹಾಕಿದ. ಅತ್ತೆ ಅವನನ್ನು ಒಂದು ನೋಟ ನೋಡಿದರು. ಕೈ ತೆಗೆದ.

ಈ ಗಲಾಟೆಯ ನಡುವೆ ನಾವು ಯಾರೂ ಗುಡ್ಡೆಯ ನೆತ್ತಿ ನೋಡಿರಲಿಲ್ಲ. ಶೆಡ್ಡಿನ ಮಕ್ಕಳು ಹಿಂದಿನಿಂದ ಹತ್ತಿ ಮೇಲೆ ಕೂತಿದ್ದವು. ನಡುವೆ ನನ್ನ ಮಗಳು. ಅವಳ ಕಣ್ಣು ಯೂನಿಫಾರ್ಮಿನ ಮಕ್ಕಳ ಮೇಲೆ. "ಬರ್ತೀರಾ?" ಅಂದಳು. ಅಷ್ಟೇ. ಒಬ್ಬ ಹುಡುಗ ಅಮ್ಮನ ಕೈ ಬಿಡಿಸಿಕೊಂಡ. ಒಬ್ಬಳು ಅಪ್ಪನ ಕೈ ಬಿಡಿಸಿಕೊಂಡಳು. ಕಣ್ಣು ಮಿಟುಕಿಸುವಷ್ಟರಲ್ಲಿ ಗುಡ್ಡೆಯ ತುಂಬ ಬಿಳಿ ಸಾಕ್ಸುಗಳು. "ಕೂತ್ಕೊಂಡು ಜಾರಬಾರ್ದು, ಚಡ್ಡಿ ಒಳಗೆ ಮರಳು ಹೋಗುತ್ತೆ. ಹೀಗೆ ಚೀಲ ಹಾಕ್ಕೋಬೇಕು," ಅಂತ ನನ್ನ ಮಗಳು ಪಾಠ ಹೇಳಿಕೊಟ್ಟಳು. ಹರಿದ ಸಿಮೆಂಟು ಚೀಲಗಳು ಕೈಯಿಂದ ಕೈಗೆ ಹೋದವು. ಒಂದೊಂದು ಮಗುವೂ ಕಿರುಚುತ್ತಾ ಕೆಳಗೆ ಬಂದು ನಮ್ಮ ಬಾಂಡ್ಲಿಗೆ ಡಿಕ್ಕಿ ಹೊಡೆದು, ಮತ್ತೆ ಮೇಲೆ ಓಡುತ್ತಿತ್ತು. ಪೋಷಕರು ಕೂಗಿದರು, ಯಾರೂ ಕೇಳಲಿಲ್ಲ. ಧೂಳು, ತುರಿಕೆ, ಹೇನು, ಎಲ್ಲ ಒಂದೇ ಗುಡ್ಡೆಯಲ್ಲಿ ಕಲಸಿಹೋಯಿತು. ಯಾವುದು ಶೆಡ್ಡಿನ ಮಗು, ಯಾವುದು ಸಾಲಿನ ಮಗು ಅಂತ ದೇವರಿಗೂ ಗೊತ್ತಾಗುವ ಹಾಗಿರಲಿಲ್ಲ.

ರಸ್ತೆಯಲ್ಲಿ ಹಾರ್ನು ಕೇಳಿಸಿತು. ಅತಿಥಿಯ ಕಾರು ಗುಡ್ಡೆಯ ಆಚೆ ನಿಂತಿತು. ಮೇಡಂ ಮುಖ ಬಿಳುಚಿಕೊಂಡಿತು.

"ಈಗ ಎತ್ತಿಬಿಡಿ ಪ್ಲೀಸ್. ನಾಳೆ ಬನ್ನಿ, ನೋಡೋಣ."

"'ನೋಡೋಣ'ವನ್ನ ಬಹಳ ತಿಂದಿದೀವಿ ಮೇಡಂ, ಹೊಟ್ಟೆ ತುಂಬಿಲ್ಲ."

"ಸರಿ, ನಿಮ್ಮ ಮಗೂನ ಸೇರಿಸ್ಕೋತೀನಿ."

"ಶೆಡ್ಡಲ್ಲಿರೋ ಅಷ್ಟೂ ಮಕ್ಕಳನ್ನ. ಮತ್ತೆ ಶೆಡ್ಡು ವರ್ಷ ಮುಗಿಯೋವರೆಗೂ ಬೀಳಬಾರ್ದು. ನಾವು ಕೆಲಸಕ್ಕೆ ಎಲ್ಲಿಗಾದ್ರೂ ಹೋಗ್ತೀವಿ. ಅತ್ತೆ ಇಲ್ಲೇ ಮಕ್ಕಳ ಜೊತೆ ಇರ್ತಾರೆ. ವಿಳಾಸ ಕೇಳಿದ್ರಲ್ಲ, ಬರ್ಕೊಳ್ಳಿ: ಶಾಲೆ ಹಿಂದಿನ ಶೆಡ್ಡು."

ಮತ್ತೆ ಹಾರ್ನು. ಮೇಡಂ ಕಣ್ಣು ಮುಚ್ಚಿದರು. "ಆಯ್ತು," ಅಂದರು.

"ಬಾಯಲ್ಲಿ ಬೇಡ. ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗಿ ಕೂರಿಸಿ. ಕೂತಿದ್ದು ನನ್ನ ಕಣ್ಣಿಗೆ ಬಿದ್ದ ಮೇಲೆ ಬಾಂಡ್ಲಿ ಮಗುಚ್ತೀವಿ."

ಮೇಡಂ ಬಗ್ಗಿ, ಮರಳು ಮೆತ್ತಿದ ನನ್ನ ಮಗಳ ಕೈ ಹಿಡಿದರು. ಶೆಡ್ಡಿನ ಮಕ್ಕಳೆಲ್ಲ ಸಾಲಾಗಿ ಹಿಂದೆ ನಡೆದವು. ಅವರು ಒಳಗೆ ಹೋದದ್ದು ನೋಡಿ ಯೂನಿಫಾರ್ಮಿನ ಮಕ್ಕಳೂ ತಾವಾಗಿಯೇ ಇಳಿದು ಹಿಂದೆ ಓಡಿದವು. ಕರೆದಾಗ ಬಾರದವು, ಅವಳ ಹಿಂದೆ ಹೋದವು.

ಅತ್ತ ಅತಿಥಿಗೆ ಕಾದು ಸಾಕಾಗಿತ್ತು. ದಪ್ಪನೆಯ ಮನುಷ್ಯ. ಕಾರಿಳಿದು, ಗುಡ್ಡೆ ಹತ್ತಿ, ಈ ಕಡೆ ಕಾಲಿಡುವಷ್ಟರಲ್ಲಿ ಜಾರಿ, ಸರ್ರನೆ ಬಂದು ಸರಿಯಾಗಿ ಅತ್ತೆಯ ಎದುರು ನಿಂತರು. ನಿಂತರು ಅನ್ನುವುದಕ್ಕಿಂತ ಕೂತರು. ಅತ್ತೆ ಅವರನ್ನು ನೋಡಿ, "ಚೀಲ ಹಾಕ್ಕೋಬೇಕಿತ್ತು ಸ್ವಾಮಿ," ಅಂದರು. ಆ ಮನುಷ್ಯ ಒಂದು ಕ್ಷಣ ಪಿಳಿಪಿಳಿ ನೋಡಿ, ಹೊಟ್ಟೆ ಕುಣಿಸಿ ನಕ್ಕುಬಿಟ್ಟರು. ಫೋಟೋದವನು ಅದನ್ನೇ ತೆಗೆದ.

ನಾನು ಅಲ್ಲಿ ನಿಲ್ಲಲಿಲ್ಲ. ಗೋಡೆ ಸುತ್ತಿ ಮೊದಲನೇ ಕ್ಲಾಸಿನ ಕಿಟಕಿಗೆ ಓಡಿದೆ. ಮಕ್ಕಳು ಗದ್ದಲ ಮಾಡುತ್ತಾ ಕೂರುತ್ತಿದ್ದವು. ಬಾಗಿಲಲ್ಲಿ ಮೇಡಂ ಕೈ ಬಿಟ್ಟಾಗ ಹಿಂದುಳಿದ ನನ್ನ ಮಗಳು ಕೊನೆಗೆ ಬಾಗಿಲು ದಾಟಿದಳು. ದಾಟಿದವಳು ಅಲ್ಲೇ ಮಂಡಿ ಮಡಚಿದಳು. ಕತ್ತನ್ನು ಹೆಗಲೊಳಗೆ ಇಳಿಸಿಕೊಂಡಳು. ಕುಕ್ಕರಗಾಲಲ್ಲಿ, ಮೇಡಂಗೆ ಗೊತ್ತಾಗದ ಹಾಗೆ, ಚಿಕ್ಕವಳಾಗಿ ಚಿಕ್ಕವಳಾಗಿ ಎರಡನೇ ಸಾಲಿನ ಕಡೆ ನಡೆದಳು.

ಮುಂದಿನ ಕೆಲಸ ಇರುತ್ತದೋ ಇಲ್ಲವೋ, ಮೇಡಂ ಏನಂದುಕೊಳ್ಳುತ್ತಾರೋ, ಒಂದನ್ನೂ ಯೋಚಿಸಲಿಲ್ಲ. ಕಿಟಕಿಯ ಸರಳು ಹಿಡಿದು ಇಡೀ ಶಾಲೆಗೆ ಕೇಳುವ ಹಾಗೆ ಕಿರುಚಿದೆ.

"ನೆಟ್ಟಗೆ ನಿಂತ್ಕೊಳೇ! ಯಾರಪ್ಪನ ಮನೆ ಗಂಟು ಹೋಗುತ್ತೆ? ನೆಟ್ಟಗೆ ನಿಂತ್ಕೋ!"

ಮಕ್ಕಳೆಲ್ಲ ಕಿಟಕಿಯ ಕಡೆ ತಿರುಗಿದವು. ಅವಳು ನನ್ನನ್ನು ನೋಡಿದಳು. ಮೇಡಂ ಮುಖ ನೋಡಿದಳು. ಮೆಲ್ಲಗೆ ಒಂದು ಮಂಡಿ ಬಿಡಿಸಿದಳು, ಇನ್ನೊಂದು ಬಿಡಿಸಿದಳು. ಕತ್ತು ಮೇಲೆ ಬಂತು. ಅಪ್ಪನ ಹಾಗೇ ಉದ್ದ ನನ್ನ ಹುಡುಗಿ. ಹೋಗಿ ಬೆಂಚಿನಲ್ಲಿ ಕೂತಳು. ಮಂಡಿ ಡೆಸ್ಕಿಗೆ ತಾಗಿ ಟಕ್ಕೆಂದಿತು. ಮತ್ತೊಮ್ಮೆ ಎಳೆದು ಕೂತಳು. ಮತ್ತೂ ಟಕ್ಕೆಂದಿತು.

ಅವಳು ಕಾಲು ಮಡಚಲಿಲ್ಲ. ಎದ್ದು ನಿಂತು, ಸೊಂಟಕ್ಕೆ ಕೈ ಇಟ್ಟು, ಮದುವೆ ಮಂಟಪದ ಆ ಗಂಟಲಿನಲ್ಲಿ ಹೇಳಿದಳು:

"ಮೇಡಂ, ಈ ಬೆಂಚು ಗಿಡ್ಡ ಆಗಿದೆ. ಬೇರೆ ಮಾಡ್ಸಿ."